ತಾರಸಿಯ ಮೇಲೆ ಡಬ್ಲ್ಯುಪಿಸಿ ಡೆಕ್: ಹಲಗೆ, ಕ್ಲಿಪ್, ಸ್ಕ್ರೂ ಮತ್ತು ಉಪಕರಣ ಆರಿಸುವುದರಿಂದ ಜೋಡಿಸುವವರೆಗೆ

ಡೆಕ್ಕಿಗೆ ಬಳಸುವ ಡಬ್ಲ್ಯುಪಿಸಿ ಎಂದರೆ ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿದ ವಸ್ತು. ಅದರ ಹಲಗೆಗಳನ್ನು ಕ್ಲಿಪ್ಪುಗಳಿಂದ ಪೈಪಿನ ಫ್ರೇಮಿಗೆ ಹಿಡಿಸಿ ಮಾಡುವ ನೆಲವೇ ಡೆಕ್. ಡೆಕ್ ಕೆಟ್ಟಿತು ಎಂದು ಹಲಗೆ ಎತ್ತಿ ನೋಡಿದರೆ ತಪ್ಪು ಹೆಚ್ಚಾಗಿ ಹಲಗೆಯಲ್ಲಿ ಇರುವುದಿಲ್ಲ. ಕೆಳಗಿನ ಪೈಪು ತುಕ್ಕು ಹಿಡಿದಿರುತ್ತದೆ. ಕ್ಲಿಪ್ಪಿನ ಸ್ಕ್ರೂಗಳ ತಲೆ ಮುರಿದು ಬಿದ್ದಿರುತ್ತದೆ. ಇಲ್ಲವೇ ಹಲಗೆಗಳನ್ನು ಗೋಡೆಗೆ ಒತ್ತಿ ಕೂರಿಸಿದ್ದರಿಂದ ಏಪ್ರಿಲ್ ಬಿಸಿಲಿಗೆ ಹಿಗ್ಗಲು ಜಾಗ ಸಿಗದೆ ಮೇಲಕ್ಕೆ ಉಬ್ಬಿರುತ್ತವೆ. ಇದರ ಮೂಲ ಖರೀದಿಯ ಕ್ರಮದಲ್ಲೇ ಇದೆ. ಶೋರೂಮಿನಲ್ಲಿ ಬಣ್ಣ ನೋಡಿ ಹಲಗೆ ಕೊಳ್ಳುತ್ತಾರೆ, ಉಳಿದ ದುಡ್ಡಿಗೆ ತಕ್ಕ ಪೈಪು ತರಿಸುತ್ತಾರೆ, ಕ್ಲಿಪ್ಪು ಸ್ಕ್ರೂಗಳನ್ನು ಕೆಲಸ ಶುರುವಾದ ದಿನ ಹತ್ತಿರದ ಹಾರ್ಡ್‌ವೇರ್ ಅಂಗಡಿಯಿಂದ ತರುತ್ತಾರೆ. ಈ ಕ್ರಮ ತಿರುಗಬೇಕು. ಮೊದಲು ತಾರಸಿ, ಆಮೇಲೆ ಹಲಗೆ ಮತ್ತು ಕ್ಲಿಪ್ ಒಂದೇ ಸೆಟ್ಟಾಗಿ, ಅದರ ಅಳತೆಗೆ ಫ್ರೇಮು, ಫ್ರೇಮಿಗೆ ತಕ್ಕ ಸ್ಕ್ರೂ.

ಇಲ್ಲಿ ಹೇಳುವುದು ಆರ್‌ಸಿಸಿ ತಾರಸಿ ಅಥವಾ ದೊಡ್ಡ ಬಾಲ್ಕನಿಯ ಮೇಲೆ ಹಾಕುವ ಡೆಕ್ಕಿಗೆ. ಹೋಮ್‌ಸ್ಟೇಗಳಲ್ಲಿ ಮಾಡುವಂತೆ ಇಳಿಜಾರಿನಲ್ಲಿ ಕಂಬಗಳ ಮೇಲೆ ಎತ್ತರಕ್ಕೆ ಕಟ್ಟುವ ಡೆಕ್ಕಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಕೊಟ್ಟ ನಕ್ಷೆ ಇಲ್ಲದೆ ಕೈ ಹಾಕಬೇಡಿ.

ಹಂತ 1: ಮೊದಲು ತಾರಸಿಯನ್ನು ಪರೀಕ್ಷಿಸಿ

ಡೆಕ್ ಹಾಕಿದ ಮೇಲೆ ತಾರಸಿ ಸೋರಿದರೆ ಇಡೀ ಡೆಕ್ ಬಿಚ್ಚಬೇಕಾಗುತ್ತದೆ. ಆದ್ದರಿಂದ ನೀರು ಹೋಗುವ ಔಟ್‌ಲೆಟ್ ಮುಚ್ಚಿ, 25ರಿಂದ 50 ಮಿ.ಮೀ. ನೀರು ನಿಲ್ಲಿಸಿ, 48 ಗಂಟೆ ಬಿಡಿ. ಕೆಳಗಿನ ಕೋಣೆಯ ಸೀಲಿಂಗಿನಲ್ಲಿ, ವಿಶೇಷವಾಗಿ ಗೋಡೆ ಸೇರುವ ಮೂಲೆಗಳಲ್ಲಿ, ತೇವದ ಕಲೆ ಕಂಡರೆ ವಾಟರ್‌ಪ್ರೂಫಿಂಗ್ ಸರಿಯಾಗುವವರೆಗೆ ಒಂದು ಹಲಗೆಯನ್ನೂ ಕೊಳ್ಳಬೇಡಿ. ಆಮೇಲೆ ಔಟ್‌ಲೆಟ್ ತೆಗೆದು ನೀರು ಪೂರ್ತಿ ಹರಿದು ಹೋಗುತ್ತದೆಯೇ ನೋಡಿ. ಮೀಟರಿಗೆ ಕನಿಷ್ಠ 10 ಮಿ.ಮೀ. ಇಳಿಜಾರು ಇರಬೇಕು. ನೀರು ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ, ಫ್ರೇಮಿನ ದಿಕ್ಕು ಇದನ್ನೇ ಅವಲಂಬಿಸಿದೆ.

ಭಾರದ ಲೆಕ್ಕವೂ ಈಗಲೇ ಆಗಬೇಕು. ಹೋಗಿ ಬರಲು ದಾರಿ ಇರುವ ಮಟ್ಟಸ ಚಾವಣಿಗೆ ಭಾರತೀಯ ಮಾನಕ ಐಎಸ್ 875 ಪ್ರಕಾರ ಹಿಡಿಯುವ ಚರಭಾರ (ಜನ, ಸಾಮಾನುಗಳ ಭಾರ) ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ಗಟ್ಟಿ ಹಲಗೆ ಮತ್ತು ಕಬ್ಬಿಣದ ಫ್ರೇಮ್ ಸೇರಿ ಚದರ ಮೀಟರಿಗೆ 35ರಿಂದ 40 ಕಿಲೋ ಬರುತ್ತದೆ. ಡೆಕ್ಕಿನಿಂದ ದೊಡ್ಡ ಗಂಡಾಂತರವಿಲ್ಲ, ಅದರ ಜೊತೆಗೆ ಬರುವ ಗಿಡದ ತೊಟ್ಟಿಗಳಿಂದ ಇದೆ. 30 ಸೆಂ.ಮೀ. ಆಳದ ಒದ್ದೆ ಮಣ್ಣು ಚದರ ಮೀಟರಿಗೆ 500 ಕಿಲೋ ದಾಟುತ್ತದೆ. ಉದ್ದನೆಯ ಮಣ್ಣಿನ ತೊಟ್ಟಿ ಕಟ್ಟಿಸುವ ಯೋಚನೆ ಇದ್ದರೆ ಎಂಜಿನಿಯರಿಗೆ ತೋರಿಸಿಯೇ ಮುಂದುವರಿಯಿರಿ.

ಹಂತ 2: ಹಲಗೆ ಆರಿಸುವುದು

ಡಬ್ಲ್ಯುಪಿಸಿ ಎಂಬ ಹೆಸರಿನಲ್ಲಿ ನಮ್ಮಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಅಡುಗೆಮನೆ ಕಪಾಟು, ಬಚ್ಚಲುಮನೆ ಬಾಗಿಲುಗಳಿಗೆ ಬಳಸುವುದು ಪಿವಿಸಿ ನೊರೆಯ ಹಾಳೆ. ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆದು. ಇದು ಡೆಕ್ಕಿಗೆ ಆಗುವುದೇ ಇಲ್ಲ. ಡೆಕ್ಕಿಗೆ ಬೇಕಾದುದು ಮರದ ಪುಡಿ ಮತ್ತು ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ ಸೇರಿಸಿ ಒತ್ತಿ ತೆಗೆದ ಹಲಗೆ. ಸಾಮಾನ್ಯ ಅಳತೆ 140ರಿಂದ 150 ಮಿ.ಮೀ. ಅಗಲ, 20ರಿಂದ 25 ಮಿ.ಮೀ. ದಪ್ಪ. ಉದ್ದದಲ್ಲಿ 2.2 ಮತ್ತು 2.9 ಮೀಟರ್ ಹೆಚ್ಚು ಸಿಗುತ್ತವೆ.

ಇದರಲ್ಲಿ ಟೊಳ್ಳು ಮತ್ತು ಗಟ್ಟಿ ಎಂಬ ಎರಡು ಬಗೆ. ಟೊಳ್ಳು ಹಲಗೆ ಅಗ್ಗ, ಹಗುರ. ಆದರೆ ಅದನ್ನು ಉದ್ದಕ್ಕೆ ಸೀಳಿದರೆ ಒಳಗಿನ ಗೂಡು ತೆರೆದುಕೊಳ್ಳುತ್ತದೆ, ತುದಿಗಳಿಗೆ ಮುಚ್ಚಳ ಹಾಕದಿದ್ದರೆ ನೀರು, ಇರುವೆ, ಜೇಡ ಎಲ್ಲವೂ ಸೇರುತ್ತವೆ. ಭಾರದ ಕುರ್ಚಿಯ ಕಾಲು ಒಂದೇ ಬಿಂದುವಿನ ಮೇಲೆ ಕೂತರೆ ತಗ್ಗು ಬೀಳಬಹುದು. ಊಟದ ಮೇಜು, ಉಯ್ಯಾಲೆಯ ಸ್ಟ್ಯಾಂಡ್ ಇಡುವ ಜಾಗಕ್ಕೆ ಗಟ್ಟಿ ಹಲಗೆಯೇ ಸರಿ.

ಎರಡನೆಯ ಆಯ್ಕೆ ಮೇಲ್ಪದರದ್ದು. ಪದರವಿಲ್ಲದ ಹಲಗೆ ಮೊದಲ ಕೆಲವು ತಿಂಗಳಲ್ಲಿ ಒಂದಿಷ್ಟು ಬಣ್ಣ ಬಿಟ್ಟು ನಿಲ್ಲುತ್ತದೆ, ಮೊದಲ ಮಳೆಗಳಲ್ಲಿ ಚಹಾದ ಬಣ್ಣದ ನೀರನ್ನೂ ಬಿಡುತ್ತದೆ. ಡೆಕ್ಕಿನ ನೀರು ಬಿಳಿ ಗೋಡೆಯ ಮೇಲೆ ಇಳಿಯುವಂತಿದ್ದರೆ ಕಲೆ ಖಂಡಿತ. ಸುತ್ತ ಪ್ಲಾಸ್ಟಿಕ್ ಹೊದಿಕೆಯಿರುವ ಕ್ಯಾಪ್ಡ್ ಹಲಗೆ ದುಬಾರಿಯಾದರೂ ಈ ತೊಂದರೆ ಬಹಳ ಕಡಿಮೆ. ಕರಾವಳಿ ಮತ್ತು ಮಲೆನಾಡಿನ ಮಳೆಗೆ ಕ್ಯಾಪ್ಡ್ ಹಲಗೆಗೆ ಕೊಟ್ಟ ಹೆಚ್ಚಿನ ದುಡ್ಡು ವ್ಯರ್ಥವಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ತಳಭಾಗಕ್ಕೂ ಹೊದಿಕೆ ಇದೆಯೇ ಎಂದು ತಿರುಗಿಸಿ ನೋಡಿ. ಕೆಲವಕ್ಕೆ ಮೂರು ಬದಿ ಮಾತ್ರ ಇರುತ್ತದೆ, ತೇವ ಹೆಚ್ಚಿರುವ ಜಾಗಕ್ಕೆ ನಾಲ್ಕೂ ಬದಿ ಇರುವುದೇ ಬೇಕು.

ಬಣ್ಣದ ವಿಷಯ. ಕಾಫಿ, ಕಪ್ಪು ಬಣ್ಣದ ಹಲಗೆ ಮಧ್ಯಾಹ್ನದ ಬಿಸಿಲಿಗೆ ಬರಿಗಾಲಿಡಲಾಗದಷ್ಟು ಕಾಯುತ್ತದೆ. ಮಕ್ಕಳು ಬರಿಗಾಲಲ್ಲಿ ಓಡಾಡುವ ಮನೆಗೆ, ರಾಯಚೂರು, ಕಲಬುರಗಿಯಂಥ ಊರುಗಳಿಗೆ ತಿಳಿ ಬೂದು ಅಥವಾ ತೇಗದ ತಿಳಿ ಬಣ್ಣ ಆರಿಸಿ.

ಮಾದರಿ ತುಂಡು ಕೇಳಿ ತಂದು ಮನೆಯಲ್ಲೇ ಪರೀಕ್ಷಿಸಬಹುದು. ಹೊಸದಾಗಿ ಕತ್ತರಿಸಿದ ತುಂಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು, 24 ಗಂಟೆ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ಎರಡು ಮೂರು ಕಂಪನಿಗಳ ತುಂಡುಗಳನ್ನು ಒಟ್ಟಿಗೆ ಹಾಕಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕತ್ತರಿಸಿದ ಅಂಚು ಊದಿಕೊಂಡು ಒರಟಾಗಿದ್ದರೆ ಆ ಹಲಗೆ ಬೇಡ.

ಹಂತ 3: ಫ್ರೇಮಿನ ಪೈಪು

ಜಾಯಿಸ್ಟ್, ಅಂದರೆ ಹಲಗೆಯ ಅಡಿಯ ಅಡ್ಡಪಟ್ಟಿಗಳಿಗೆ ಮೂರು ಆಯ್ಕೆಗಳಿವೆ. ಡಬ್ಲ್ಯುಪಿಸಿ ಪಟ್ಟಿ ನೆಲಕ್ಕೆ ಉದ್ದಕ್ಕೂ ತಾಗಿ ಕೂತಾಗ ಮಾತ್ರ ಸರಿ. ಅದನ್ನು ಪ್ಯಾಡುಗಳ ಮೇಲೆ ತೂಗುಬಿಟ್ಟರೆ ಬಿಸಿಲಿಗೆ ನಡುವೆ ಜೋಲುತ್ತದೆ. ನೆಲಕ್ಕೆ ತಾಗಿಸಿದರೆ ತಾರಸಿಯ ನೀರಿಗೆ ಅಡ್ಡಗಟ್ಟುತ್ತದೆ. ತಾರಸಿಗೆ ಅದು ಒಗ್ಗುವುದಿಲ್ಲ. ಅಲ್ಯೂಮಿನಿಯಂ ಒಳ್ಳೆಯದು, ಹಗುರ. ಆದರೆ ಹಸಿ ಸಿಮೆಂಟಿಗೆ ನೇರ ತಾಗಿದರೆ ತಿಂದುಹೋಗುತ್ತದೆ, ಅಡಿಗೆ ರಬ್ಬರ್ ಪ್ಯಾಡ್ ಕಡ್ಡಾಯ. ಹೆಚ್ಚಿನ ಮನೆಗಳಿಗೆ ಹೊಂದುವುದು 40×40 ಮಿ.ಮೀ. ಜಿಐ (ಸತುವು ಲೇಪಿಸಿದ ಕಬ್ಬಿಣದ) ಬಾಕ್ಸ್ ಪೈಪು, 2 ಮಿ.ಮೀ. ದಪ್ಪದ್ದು.

ಈ 2 ಮಿ.ಮೀ. ವಿಷಯದಲ್ಲಿ ರಾಜಿ ಬೇಡ. 1.2 ಮಿ.ಮೀ. ಪೈಪು ಭಾರ ತಡೆದರೂ ಸ್ಕ್ರೂವಿನ ಎಳೆಗಳಿಗೆ ಹಿಡಿತ ಸಿಗುವುದಿಲ್ಲ, ಹಲಗೆ ಹಿಗ್ಗಿ ಕುಗ್ಗುವಾಗ ಸ್ಕ್ರೂ ತನ್ನಷ್ಟಕ್ಕೆ ಸಡಿಲಾಗುತ್ತದೆ. ವೆಲ್ಡ್ ಮಾಡಿದ ಕಡೆ ಸತುವಿನ ಲೇಪ ಸುಟ್ಟುಹೋಗುತ್ತದೆ. ಅಲ್ಲಿ ಕಿಟ್ಟ ಕೆತ್ತಿ, ತಂತಿ ಬ್ರಶ್ಶಿನಿಂದ ಉಜ್ಜಿ, ಜಿಂಕ್ ರಿಚ್ ಪೇಂಟ್ ಎರಡು ಕೋಟ್ ಹಚ್ಚಬೇಕು. ಬರೀ ಸಿಲ್ವರ್ ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೇ ತುಕ್ಕು ಇಳಿಯುತ್ತದೆ. ಪೈಪಿನ ತುದಿಗಳಿಗೆ ಮುಚ್ಚಳ ಹಾಕಿ, ಅಡಿಭಾಗದಲ್ಲಿ ಅಲ್ಲಲ್ಲಿ 5 ಮಿ.ಮೀ. ತೂತು ಬಿಡಿ. ಸ್ಕ್ರೂ ತೂತಿನಿಂದ ಒಳಹೋದ ನೀರಿಗೆ ಹೊರಬರಲು ದಾರಿ ಬೇಕು.

ವೆಲ್ಡಿಂಗ್ ಮತ್ತು ಗ್ರೈಂಡಿಂಗ್ ತಾರಸಿಯ ಮೇಲೆ ಮಾಡಿಸಬೇಡಿ. ಕಿಡಿ ವಾಟರ್‌ಪ್ರೂಫಿಂಗ್ ಪದರವನ್ನು ತೂತು ಮಾಡುತ್ತದೆ. ಗ್ರೈಂಡಿಂಗಿನ ಕಬ್ಬಿಣದ ಪುಡಿ ಹಲಗೆಯ ಮೇಲೆ ಕೂತರೆ ಮಾರನೆಯ ಇಬ್ಬನಿಗೇ ಕೆಂಪು ಚುಕ್ಕೆಗಳಾಗಿ ಏಳುತ್ತದೆ.

ಪೈಪಿನಿಂದ ಪೈಪಿಗೆ ಅಂತರ ಎಷ್ಟು ಎಂಬುದನ್ನು ಹಲಗೆ ಕಂಪನಿಯ ಕೈಪಿಡಿ ಹೇಳುತ್ತದೆ. ಸಾಮಾನ್ಯವಾಗಿ ಟೊಳ್ಳು ಹಲಗೆಗೆ ನಡುವಿನಿಂದ ನಡುವಿಗೆ 300 ಮಿ.ಮೀ., ಗಟ್ಟಿಯದಕ್ಕೆ 350. ಹಲಗೆಯನ್ನು ಓರೆಯಾಗಿ ಹಾಕುವುದಾದರೆ 250ಕ್ಕೆ ಇಳಿಸಿ. ಕಂಪನಿ ಕೊಟ್ಟ ಅಂಕಿ ಇದಕ್ಕಿಂತ ಕಡಿಮೆ ಇದ್ದರೆ ಅದನ್ನೇ ಪಾಲಿಸಿ. ಇಲ್ಲವಾದರೆ ವಾರಂಟಿ ಕೇಳುವ ಹಕ್ಕು ಹೋಗುತ್ತದೆ.

ಹಂತ 4: ಕ್ಲಿಪ್ ಮತ್ತು ಸ್ಕ್ರೂ

ಡೆಕ್ಕಿನ ಒಟ್ಟು ಖರ್ಚಿನಲ್ಲಿ ಇವುಗಳ ಪಾಲು ಚಿಕ್ಕದು, ಡೆಕ್ಕಿನ ಆಯಸ್ಸು ನಿಂತಿರುವುದು ಮಾತ್ರ ಇವುಗಳ ಮೇಲೆ. ಹಲಗೆಯ ಎರಡೂ ಬದಿಯ ಗಾಡಿಗೆ, ಅಂದರೆ ಅಂಚಿನ ಉದ್ದಕ್ಕೂ ಇರುವ ಕಾಲುವೆಗೆ, ಕೂರುವ ಕ್ಲಿಪ್ಪನ್ನು ಅದೇ ಹಲಗೆಯ ಕಂಪನಿಯಿಂದಲೇ ತೆಗೆದುಕೊಳ್ಳಿ. ಬೇರೆಯದು ನೋಡಲು ಒಂದೇ ಥರ ಇದ್ದರೂ ಗಾಡಿಯ ಎತ್ತರದಲ್ಲಿ ಅರ್ಧ ಮಿ.ಮೀ. ಹೆಚ್ಚುಕಡಿಮೆಯಾದರೆ ಹಲಗೆ ಕಾಲಡಿಯಲ್ಲಿ ಟಕ್ ಟಕ್ ಎನ್ನುತ್ತದೆ ಅಥವಾ ಗಾಡಿಯ ತುಟಿ ಸೀಳುತ್ತದೆ. ಶುರುವಿಗೆ ಸ್ಟಾರ್ಟರ್ ಕ್ಲಿಪ್, ನಡುವೆ ಟಿ ಕ್ಲಿಪ್, ಕೊನೆಗೆ ಎಂಡ್ ಕ್ಲಿಪ್, ಹೀಗೆ ಮೂರು ಬಗೆ ಬೇಕು.

ಸ್ಟೀಲಿನ ದರ್ಜೆ ನೋಡಿ ಕೊಳ್ಳಿ. ಒಳನಾಡಿಗೆ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 304 ಸಾಕು. ಕಾರವಾರ, ಉಡುಪಿ, ಮಂಗಳೂರಿನಂತೆ ಉಪ್ಪುಗಾಳಿ ಇರುವ ಕಡೆ, ಈಜುಕೊಳದ ಪಕ್ಕದಲ್ಲಿ 316 ಬೇಕು. ಅಂಗಡಿಯಲ್ಲಿ ಎಸ್‌ಎಸ್ ಎಂದಷ್ಟೇ ಹೇಳಿ ಕೊಡುವುದು ಎಷ್ಟೋ ಸಲ 202 ದರ್ಜೆಯದು, ಹೊರಗಿನ ಮಳೆಗೆ ಅದು ತುಕ್ಕು ಹಿಡಿಯುತ್ತದೆ. ಆಯಸ್ಕಾಂತ ಹಿಡಿದು ನೋಡುವ ಪರೀಕ್ಷೆಯಲ್ಲಿ 202 ಕೂಡ ಪಾಸಾಗುತ್ತದೆ, ಏಕೆಂದರೆ 304ರಂತೆ ಅದೂ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಅನುಮಾನ ಇದ್ದರೆ ಸ್ಕ್ರ್ಯಾಪ್ ವ್ಯಾಪಾರಿಗಳು ಬಳಸುವ ಹನಿ ಪರೀಕ್ಷೆಯ ದ್ರಾವಣ ತಂದು ನೋಡಿ.

ಈಗ ಸ್ಕ್ರೂ. ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಎಂದು ಕೇಳಿದರೆ ಸಿಗುವುದು ಸಾಮಾನ್ಯವಾಗಿ ಸತುವು ಲೇಪಿಸಿದ್ದು ಅಥವಾ 410 ದರ್ಜೆಯದು. 410 ಗಟ್ಟಿಯಾಗಿದ್ದು ಪೈಪನ್ನು ತಾನೇ ಕೊರೆಯುತ್ತದೆ, ಆದರೆ ಮಳೆಗೆ ತುಕ್ಕು ಹಿಡಿಯುತ್ತದೆ. 304 ತುಕ್ಕು ತಡೆಯುತ್ತದೆ, ಆದರೆ ಮೆದುವಾದ್ದರಿಂದ 2 ಮಿ.ಮೀ. ಉಕ್ಕನ್ನು ಕೊರೆಯಲಾರದೆ ತುದಿ ಮೊಂಡಾಗುತ್ತದೆ ಅಥವಾ ಕುತ್ತಿಗೆ ಮುರಿಯುತ್ತದೆ. ಇದಕ್ಕೆ ಎರಡು ಪರಿಹಾರ. ಒಂದು, ದೇಹ 304, ತುದಿ ಮಾತ್ರ ಕಾರ್ಬನ್ ಸ್ಟೀಲ್ ಇರುವ ಬೈಮೆಟಲ್ ಸ್ಕ್ರೂ. ಇನ್ನೊಂದು, ಮೊದಲೇ ತೂತು ಕೊರೆದು 304 ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹಾಕುವುದು. 4.2 ಮಿ.ಮೀ. ಸ್ಕ್ರೂವಿಗೆ 3.5 ಮಿ.ಮೀ. ಎಚ್‌ಎಸ್‌ಎಸ್ (ಲೋಹ ಕೊರೆಯುವ) ಬಿಟ್ ಸರಿಹೋಗುತ್ತದೆ. ಎರಡನೆಯದು ನಿಧಾನ, ಅಗ್ಗ, ನಂಬಿಕೆಗೆ ಅರ್ಹ. ತೂತಿನ ಅಂಚಿಗೆ ಜಿಂಕ್ ಪೇಂಟ್ ಒಂದು ಹನಿ ಮುಟ್ಟಿಸಿದರೆ ಇನ್ನೂ ಒಳ್ಳೆಯದು.

ಡ್ರೈವಾಲ್‌ನ ಕಪ್ಪು ಸ್ಕ್ರೂ ಯಾವ ಕಾರಣಕ್ಕೂ ಬೇಡ. ಹೊರಗೆ ಅದು ತುಕ್ಕು ಹಿಡಿದು, ಹಲಗೆ ಎಳೆದಾಗ ತಲೆ ಹಾರಿಹೋಗುತ್ತದೆ.

ಹಂತ 5: ಪ್ರಮಾಣದ ಲೆಕ್ಕ

2.9×3.6 ಮೀಟರಿನ ಒಂದು ಡೆಕ್ ಹಿಡಿಯೋಣ. ಹಲಗೆ 2.9 ಮೀಟರ್ ಉದ್ದ, 145 ಮಿ.ಮೀ. ಅಗಲ, ಗಟ್ಟಿಯದು, ನಡುವೆ 5 ಮಿ.ಮೀ. ಸಂದು. ಉದ್ದದಲ್ಲಿ ಜೋಡಣೆಯೇ ಬರದಂತೆ ಡೆಕ್ಕಿನ ಒಂದು ಬದಿಯನ್ನು ಹಲಗೆಯ ಉದ್ದಕ್ಕೆ ಹೊಂದಿಸಿದ್ದೇವೆ. ಆಗುವಂತಿದ್ದರೆ ನೀವೂ ಹಾಗೇ ಮಾಡಿ.

ಹಲಗೆ: 3,600 ಅನ್ನು 150ರಿಂದ ಭಾಗಿಸಿದರೆ 24. ಹೆಚ್ಚುವರಿ 2 ಸೇರಿ 26. ಎಲ್ಲವೂ ಒಂದೇ ಬ್ಯಾಚ್ ಸಂಖ್ಯೆಯವಾಗಿರಲಿ.

ಪೈಪು: ತುದಿಗಳಲ್ಲಿ 25 ಮಿ.ಮೀ. ಒಳಗೆ ಒಂದೊಂದು, ನಡುವೆ 350 ದಾಟದಂತೆ ಹಂಚಿದರೆ 9 ಅಂತರ, 10 ಪೈಪು, ಪ್ರತಿ ಅಂತರ ಸುಮಾರು 317 ಮಿ.ಮೀ. 3.6 ಮೀಟರಿನ 10 ತುಂಡು ಮತ್ತು ಎರಡು ತುದಿಯ ಅಡ್ಡಪಟ್ಟಿ ಸೇರಿ ಸುಮಾರು 42 ಮೀಟರ್. 6 ಮೀಟರಿನ ಪೈಪು 8 ತರಿಸಿ.

ಕ್ಲಿಪ್: 23 ಸಂದು, 10 ಪೈಪು, ಒಟ್ಟು 230. ಸ್ಟಾರ್ಟರ್ 10, ಎಂಡ್ 10. ಸ್ಕ್ರೂ 280 ತನ್ನಿ, ಕೆಲವು ಮುರಿಯುತ್ತವೆ, ಕೆಲವು ಕಳೆಯುತ್ತವೆ.

ಪ್ಯಾಡ್ ಅಥವಾ ಎತ್ತರ ಹೊಂದಿಸುವ ಪೆಡೆಸ್ಟಲ್: ಪ್ರತಿ 600 ಮಿ.ಮೀ.ಗೆ ಒಂದರಂತೆ ಪೈಪಿಗೆ 7, ಒಟ್ಟು 70.

ಹಂತ 6: ಉಪಕರಣಗಳು

ಕತ್ತರಿಸಲು ಮೈಟರ್ ಸಾ ಅತ್ಯುತ್ತಮ. 10 ಇಂಚಿನದಕ್ಕೆ 60 ಹಲ್ಲಿನ ಟಿಸಿಟಿ (ಕಾರ್ಬೈಡ್ ತುದಿಯ) ಬ್ಲೇಡ್ ಹಾಕಿ. ಹಲ್ಲು ಇನ್ನೂ ಹೆಚ್ಚಾದರೆ ಪ್ಲಾಸ್ಟಿಕ್ ಕರಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ, ಕಡಿಮೆಯಾದರೆ ಅಂಚು ಚೂರಾಗುತ್ತದೆ. ಹಲಗೆಯನ್ನು ಸೀಳಲು ಸರ್ಕ್ಯುಲರ್ ಸಾ, ಪೈಪು ಅಥವಾ ಕಂಬದ ಸುತ್ತ ಕತ್ತರಿಸಲು ಜಿಗ್‌ಸಾ.

ನಮ್ಮ ಕೆಲಸದ ಜಾಗಗಳಲ್ಲಿ ದಿನನಿತ್ಯ ಕಾಣುವ ಒಂದು ಅಭ್ಯಾಸ ನಿಲ್ಲಲೇಬೇಕು: ಆ್ಯಂಗಲ್ ಗ್ರೈಂಡರಿಗೆ ಗಾರ್ಡ್ ತೆಗೆದು ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದು. ಹಲ್ಲು ಹಲಗೆಯಲ್ಲಿ ಸಿಕ್ಕಿಕೊಂಡ ಕ್ಷಣ ಯಂತ್ರ ಹಿಂದಕ್ಕೆ ಸಿಡಿಯುತ್ತದೆ. ಬೆರಳು, ತೊಡೆ, ಕತ್ತು ಎಲ್ಲಿ ತಾಗುತ್ತದೆ ಎಂದು ಹೇಳಲಾಗದು. ಸರ್ಕ್ಯುಲರ್ ಸಾ ಬಾಡಿಗೆಗೆ ಸಿಗುತ್ತದೆ, ತನ್ನಿ.

ಸ್ಕ್ರೂವಿಗೆ ಟಾರ್ಕ್ ಹೊಂದಿಸಬಹುದಾದ ಕಾರ್ಡ್‌ಲೆಸ್ ಡ್ರಿಲ್ ಡ್ರೈವರ್ ಬಳಸಿ. ಇಂಪ್ಯಾಕ್ಟ್ ಡ್ರೈವರಿನ ಏಟಿಗೆ 304 ಸ್ಕ್ರೂವಿನ ತಲೆ ತಿರುಚಿ ಹೋಗುತ್ತದೆ. ಇವಲ್ಲದೆ ರಸಮಟ್ಟ, ಉದ್ದಕ್ಕೆ ಟ್ಯೂಬ್ ಲೆವೆಲ್, ಟೇಪು, ದಾರ, ಮೂಲೆಮಟ್ಟ, ರಬ್ಬರ್ ಸುತ್ತಿಗೆ, 5 ಮತ್ತು 10 ಮಿ.ಮೀ. ದಪ್ಪದ ಸಂದು ತುಂಡುಗಳು. ಗುರುತಿಗೆ ಪೆನ್ಸಿಲ್ ಬಳಸಿ, ಕೆಂಪು ಪುಡಿಯ ದಾರ ಹೊಡೆದರೆ ಆ ಕಲೆ ಹೋಗುವುದೇ ಇಲ್ಲ. ಕಣ್ಣಿಗೆ ಕನ್ನಡಕ, ಪುಡಿಗೆ ಎನ್95 ಮಾಸ್ಕ್, ಹೊರಗಿನ ಪ್ಲಗ್ಗಿಗೆ 30 ಮಿಲಿಆ್ಯಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್).

ಹಂತ 7: ಜೋಡಣೆ

1. ಮೊದಲು ಟೈಲ್ಸ್, ಪೇಂಟ್ ಕೆಲಸ ಎಲ್ಲ ಮುಗಿಯಲಿ. ಟೈಲ್ಸ್ ತೊಳೆಯುವ ಆ್ಯಸಿಡ್ಡಿನ ಹೊಗೆ ಕೂಡ ಸ್ಟೇನ್‌ಲೆಸ್ ಸ್ಟೀಲಿಗೆ ತೂತು ಬೀಳಿಸುತ್ತದೆ.

2. ಹಲಗೆಗಳನ್ನು ಹಾಕುವ ಜಾಗದ ಹತ್ತಿರವೇ ನೆರಳಲ್ಲಿ, ಅಡಿಗೆ ಅರ್ಧ ಮೀಟರಿಗೊಂದು ಆಧಾರ ಕೊಟ್ಟು, 48 ಗಂಟೆ ಮಲಗಿಸಿಡಿ. ಗೋಡೆಗೆ ಒರಗಿಸಿಟ್ಟರೆ ಬಾಗುತ್ತವೆ.

3. ಪೈಪುಗಳನ್ನು ನೀರು ಹರಿಯುವ ದಿಕ್ಕಿಗೇ ಹಾಕಿ. ಅಡ್ಡ ಹಾಕಿದರೆ ಪ್ರತಿ ಪೈಪಿನ ಹಿಂದೆ ನೀರು, ಎಲೆ, ಮಣ್ಣು ನಿಲ್ಲುತ್ತವೆ. ಹಲಗೆಗಳು ಅವಕ್ಕೆ ಅಡ್ಡವಾಗಿ ಬರುತ್ತವೆ. ತಾರಸಿಗೆ ತೂತು ಕೊರೆಯಬೇಡಿ. ತುದಿಯ ಅಡ್ಡಪಟ್ಟಿಗಳಿಗೆ ಕಟ್ಟಿದ ಫ್ರೇಮು ತನ್ನ ಭಾರದಿಂದಲೇ ಪ್ಯಾಡುಗಳ ಮೇಲೆ ಕೂರುತ್ತದೆ. ಗಾಳಿಯ ಹೊಡೆತ ಜೋರಿರುವ ಎತ್ತರದ ಕಟ್ಟಡಗಳಲ್ಲಿ ಮಾತ್ರ ಬದಿಯ ಪ್ಯಾರಪೆಟ್ ಗೋಡೆಗೆ ಬಿಗಿಯುವ ಬಗೆಯನ್ನು ಎಂಜಿನಿಯರಿಂದ ಕೇಳಿ.

4. ಮೂಲೆ ನೇರವಿದೆಯೇ ನೋಡಿ. ಒಂದು ಬದಿ 3 ಮೀಟರ್, ಇನ್ನೊಂದು ಬದಿಯಲ್ಲಿ 2.25 ಮೀಟರ್ ಗುರುತು ಮಾಡಿದರೆ ಕರ್ಣ 3.75 ಮೀಟರ್ ಬರಬೇಕು. ಪೈಪುಗಳ ಮೇಲ್ಮೈಯ ಏರಿಳಿತ 3 ಮೀಟರ್ ದಾರಕ್ಕೆ 3 ಮಿ.ಮೀ. ಒಳಗಿರಲಿ.

5. ಔಟ್‌ಲೆಟ್ ಮೇಲೆ ಬರುವ ಹಲಗೆಗಳನ್ನು ಬಿಚ್ಚಬಹುದಾದ ಮುಚ್ಚಳವಾಗಿ ಮಾಡಿ. ಎಲೆ ತೆಗೆಯಲು ಕೈ ಹೋಗದ ಡೆಕ್ ಎರಡನೆಯ ಮಳೆಗೇ ನೀರು ತುಂಬಿಸಿಕೊಳ್ಳುತ್ತದೆ.

6. ದಾರ ಕಟ್ಟಿ ಮೊದಲ ಹಲಗೆಯನ್ನು ಸ್ಟಾರ್ಟರ್ ಕ್ಲಿಪ್ಪಿಗೆ ಕೂರಿಸಿ. ಇದು 2 ಮಿ.ಮೀ. ಓರೆಯಾದರೆ ಕೊನೆಯ ಹಲಗೆಯಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ತಳಭಾಗದಲ್ಲಿ ಬಾಣದ ಗುರುತಿದ್ದರೆ ಎಲ್ಲ ಹಲಗೆಗಳೂ ಒಂದೇ ದಿಕ್ಕಿಗಿರಲಿ. ತಿರುಗಿದ ಹಲಗೆ ಬೆಳಕಿಗೆ ಬೇರೆ ಬಣ್ಣವಾಗಿ ಕಾಣುತ್ತದೆ.

7. ಗೋಡೆಯಿಂದ, ಕಂಬದಿಂದ 10 ಮಿ.ಮೀ. ಬಿಡಿ. 2.9 ಮೀಟರಿನ ಹಲಗೆ ಜನವರಿಯ ಮುಂಜಾವಿನಿಂದ ಏಪ್ರಿಲ್ ಮಧ್ಯಾಹ್ನದ ಕಾವಿಗೆ ಸುಮಾರು 5ರಿಂದ 7 ಮಿ.ಮೀ. ಉದ್ದವಾಗುತ್ತದೆ. ತುದಿಗೆ ತುದಿ ಸೇರುವ ಕಡೆ ತಂಪು ಹೊತ್ತಿನಲ್ಲಿ ಹಾಕಿದರೆ 8 ಮಿ.ಮೀ., ಸುಡುಬಿಸಿಲಿನಲ್ಲಿ ಹಾಕಿದರೆ 3ರಿಂದ 4 ಮಿ.ಮೀ. ಸಂದು ಬಿಡಿ. ಅಂಥ ಜಾಗದಲ್ಲಿ ಒಂದೇ ಪೈಪಿನ ಮೇಲೆ ಎರಡು ತುದಿ ಹಂಚಿಕೊಳ್ಳಬಾರದು. ಎರಡು ಪೈಪು ಅಕ್ಕಪಕ್ಕ ಹಾಕಿ ಒಂದೊಂದು ತುದಿಗೆ ಒಂದೊಂದು ಕೊಡಿ.

8. ಕ್ಲಿಪ್ಪಿನ ಸ್ಕ್ರೂವನ್ನು ಮುಂದಿನ ಹಲಗೆ ಕೂರಿಸಿದ ಮೇಲೆ ಬಿಗಿ ಮಾಡಿ, ಅತಿಯಾಗಿ ಅಲ್ಲ. ಹಲಗೆ ಕ್ಲಿಪ್ಪಿನೊಳಗೆ ಉದ್ದಕ್ಕೆ ಜಾರುವಂತಿರಬೇಕು. ಹಾಗೆಂದು ಪೂರ್ತಿ ಸಡಿಲ ಬಿಟ್ಟರೆ ವರ್ಷದಲ್ಲಿ ಹಲಗೆ ಒಂದೇ ಕಡೆ ಸರಿದು ಗೋಡೆಗೆ ತಾಗುತ್ತದೆ. ಪ್ರತಿ ಹಲಗೆಯನ್ನು ಅದರ ಉದ್ದದ ನಟ್ಟನಡುವೆ ಮಾತ್ರ, ಗಾಡಿಯ ಕೆಳತುಟಿಯ ಮೂಲಕ ಓರೆಯಾಗಿ ಒಂದು ಸ್ಕ್ರೂ ಹಾಕಿ ಪೈಪಿಗೆ ಹಿಡಿಸಿ. ಆಗ ಎರಡೂ ತುದಿಗೆ ಸಮನಾಗಿ ಹಿಗ್ಗುತ್ತದೆ. ಸಂದು ಹೆಚ್ಚುಕಡಿಮೆಯಾಯಿತು ಎಂಬ ಬಹಳಷ್ಟು ದೂರುಗಳಿಗೆ ಕಾರಣ ಈ ಒಂದು ಸ್ಕ್ರೂ ಇಲ್ಲದಿರುವುದು.

9. ಕೊನೆಯ ಹಲಗೆಯನ್ನು ಮೇಲಿನಿಂದ ಸ್ಕ್ರೂ ಹಾಕಬೇಕಾದರೆ ತುದಿಯಿಂದ 30 ಮಿ.ಮೀ. ಬಿಟ್ಟು, ಸ್ಕ್ರೂವಿಗಿಂತ 2 ಮಿ.ಮೀ. ದೊಡ್ಡ ತೂತು ಕೊರೆದು ಹಾಕಿ. ಆಗ ಆ ಹಲಗೆಗೂ ಹಿಗ್ಗಲು ಜಾಗ ಸಿಗುತ್ತದೆ.

10. ಸುತ್ತಲಿನ ಸಂದುಗಳಿಗೆ ಸಿಲಿಕೋನ್ ತುಂಬಬೇಡಿ. ಡೆಕ್ಕಿನ ಅಡಿಗೆ ಗಾಳಿ ಆಡದಿದ್ದರೆ ಹಲಗೆಯ ತಳ ತೇವವಾಗಿಯೂ ಮೇಲ್ಮೈ ಒಣಗಿಯೂ ಇದ್ದು, ಅಂಚುಗಳು ಮೇಲೆದ್ದು ದೋಣಿಯಂತಾಗುತ್ತವೆ.

ಹಂತ 8: ಮುನ್ಸೂಚನೆಗಳು

ಸಂದುಗಳಿಂದ ಕೆಂಪು ನೀರು ಬಂದರೆ ಸ್ಕ್ರೂ ಅಥವಾ ವೆಲ್ಡ್ ತುಕ್ಕು ಹಿಡಿದಿದೆ. ಹತ್ತಿರದ ಎಂಡ್ ಕ್ಲಿಪ್ ಬಿಚ್ಚಿ ನಾಲ್ಕೈದು ಹಲಗೆ ಎತ್ತಿ ನೋಡಿ. ಮಧ್ಯಾಹ್ನ ಮಾತ್ರ ಹಲಗೆ ಉಬ್ಬಿ ರಾತ್ರಿ ಕೂರುತ್ತಿದ್ದರೆ ತುದಿಯ ಸಂದು ಸಾಲುತ್ತಿಲ್ಲ. ಕಟ್ಟರಿನಿಂದ ತುದಿಯನ್ನು 5 ಮಿ.ಮೀ. ಕತ್ತರಿಸಿದರೆ ಸರಿಹೋಗುತ್ತದೆ, ತಡಮಾಡಿದರೆ ಕ್ಲಿಪ್ಪಿನ ಸ್ಕ್ರೂ ಕಿತ್ತುಬರುತ್ತದೆ. ನಡೆದಾಗ ಒಂದೇ ಜಾಗದಲ್ಲಿ ಸದ್ದು ಬಂದರೆ ಪ್ಯಾಡ್ ಸರಿದಿದೆ. ಇಡೀ ಡೆಕ್ ಕಿರುಗುಟ್ಟಿದರೆ ಪೈಪಿನ ಅಂತರ ಹೆಚ್ಚಾಗಿದೆ, ನಡುವೆ ಹೊಸ ಪೈಪು ಸೇರಿಸದೆ ಬೇರೆ ದಾರಿಯಿಲ್ಲ.

ದೀಪಾವಳಿಯಲ್ಲಿ ಹೂಕುಂಡ, ಸುರುಸುರುಬತ್ತಿ ಡೆಕ್ಕಿನ ಮೇಲೆ ಬೇಡ, ಇದ್ದಿಲ ಒಲೆಯೂ ಬೇಡ. ಕಿಡಿ ಬಿದ್ದಲ್ಲಿ ಪ್ಲಾಸ್ಟಿಕ್ ಕರಗಿದ ಗುಂಡಿ ಹಾಗೇ ಉಳಿಯುತ್ತದೆ. ತೊಳೆಯಲು ಸೋಪು ನೀರು ಮತ್ತು ಮೆದು ಬ್ರಶ್, ಗೀರುಗಳ ಉದ್ದಕ್ಕೆ. ಮೇ ತಿಂಗಳ ಕೊನೆಗೆ, ಮುಂಗಾರು ಬರುವ ಮೊದಲು ಔಟ್‌ಲೆಟ್ ಮುಚ್ಚಳ ತೆಗೆದು ಒಳಗಿನ ಎಲೆ, ಹೂಳು ತೆಗೆಯಿರಿ, ಎಂಡ್ ಕ್ಲಿಪ್ಪುಗಳ ಸ್ಕ್ರೂಗಳನ್ನು ಒಂದು ಸಲ ಕೈಯಿಂದ ಬಿಗಿ ನೋಡಿ.